ಐದನೇ ಬೆಲ್ಟ್ ಯಾಕೆ ಕೆಡಲಿಲ್ಲ

ಟಿಣ್ ಎಂದು ಒಂದು ಸಣ್ಣ ಸದ್ದು. ನಡುರಾತ್ರಿ ದಾಟಿತ್ತು. ಬ್ರೆಡ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅಷ್ಟೆಲ್ಲ ಯಂತ್ರಗಳ ಗದ್ದಲವಿದ್ದರೂ ಮೂರನೇ ಬೆಲ್ಟಿನ ಮುಂದೆ ನಿಂತಿದ್ದ ಹೆಂಗಸಿಗೆ ಅದು ಕೇಳಿಸಿತು. ಕಿವಿಯ ಓಲೆ ಬಿತ್ತೇನೋ ಎಂದು ಮುಟ್ಟಿ ನೋಡಿಕೊಂಡಳು. ಓಲೆ ಇತ್ತು. ಬಲಗೈಯಿಂದ ಬೆಲ್ಟಿನ ಅಂಚು ಹಿಡಿದು ಬಗ್ಗಿ ನೋಡಿದಳು. ಸಿಮೆಂಟ್ ನೆಲದ ಮೇಲೆ ಒಂದು ನಟ್ಟು ಉರುಳುತ್ತಿತ್ತು. ಅಷ್ಟರಲ್ಲಿ ಕಬ್ಬಿಣದ ರೋಲರ್ ಕಳಚಿ ಅವಳ ಬೆರಳುಗಳ ಮೇಲೆ ಬಿತ್ತು.

ಬೆಳಿಗ್ಗೆ ಎಂಟಕ್ಕೆ ಅವಳ ಗಂಡ ಠಾಣೆಯ ಮೆಟ್ಟಿಲು ಹತ್ತಿದ. ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದವನ ಅಂಗಿ ಮುದ್ದೆಯಾಗಿತ್ತು. ಎರಡು ಬೆರಳು ಜಜ್ಜಿಹೋಗಿವೆ, ಒಂದು ಉಳಿಯುವುದು ಅನುಮಾನ ಎಂದ. ಅವನ ಬೆನ್ನಿಗೇ ಕಾರ್ಖಾನೆಯ ಮ್ಯಾನೇಜರ್ ಬಂದ. ಅವನ ಬಳಿ ಆರೋಪಿ ಸಿದ್ಧನಾಗಿದ್ದ.

"ನಮ್ಮ ಫಿಟ್ಟರ್‌ದೇ ಕೆಲಸ ಮೇಡಂ. ಬೇಕೂಂತ್ಲೇ ನಟ್ಟು ಸಡಿಲ ಮಾಡಿದಾನೆ."

"ಕಣ್ಣಾರೆ ನೋಡಿದವರು ಯಾರು?" ಇನ್ಸ್‌ಪೆಕ್ಟರ್ ಕೇಳಿದಳು.

"ಪಾಳಿ ಮುಗಿದ ಮೇಲೂ ಸ್ಪಾನರ್ ಹಿಡ್ಕೊಂಡು ಒಳಗೇ ಇದ್ದ. ಕ್ಯಾಮೆರಾದಲ್ಲಿದೆ."

"ಮೂರನೇ ಬೆಲ್ಟಿನ ಹತ್ರಾನಾ?"

"ಅದು... ಐದರ ಹತ್ರ. ಮೂರು ಕ್ಯಾಮೆರಾಗೆ ಕಾಣಲ್ಲ, ಕಂಬ ಅಡ್ಡ ಬರುತ್ತೆ. ಐದರ ತನಕ ಹೋದೋನಿಗೆ ಮೂರೇನು ದೂರಾನಾ?"

ಇನ್ಸ್‌ಪೆಕ್ಟರ್ ಎಫ್‌ಐಆರ್‌ನಲ್ಲಿ ಆರೋಪಿಯ ಜಾಗದಲ್ಲಿ 'ಅಪರಿಚಿತ ವ್ಯಕ್ತಿ' ಎಂದೇ ಬರೆಸಿದಳು. ಮ್ಯಾನೇಜರ್ ಮುಖ ಹುಳ್ಳಗೆ ಮಾಡಿಕೊಂಡ. ಆಕೆ ಮನೆಗೆ ಬೀಗ ಹಾಕಿದ ಮೇಲೂ ಎಳೆದು ನೋಡಿ, ಗೇಟಿನ ತನಕ ಹೋಗಿ, ವಾಪಸು ಬಂದು ಮತ್ತೊಮ್ಮೆ ಎಳೆದು ನೋಡುವ ಹೆಂಗಸು. ಸಿದ್ಧಪಡಿಸಿ ತಂದುಕೊಟ್ಟ ಹೆಸರೆಂದರೆ ಆಕೆಗೆ ಎಳೆದು ನೋಡದ ಬೀಗದಂತೆಯೇ.

ಹತ್ತೂವರೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳದ ಪಂಚನಾಮೆ ನಡೆಯಿತು. ಠಾಣೆಯವರೆಲ್ಲ 'ದೊಡ್ಡಪ್ಪ' ಎಂದು ಕರೆಯುವ ಹೆಡ್ ಕಾನ್‌ಸ್ಟೆಬಲ್ ಉಸ್ಸೆಂದು ಮಂಡಿಯೂರಿ ನಟ್ಟನ್ನು ಕಾಗದದ ಮೇಲೆ ಎತ್ತಿಕೊಂಡ. ಅದರ ಆರೂ ಮೂಲೆಗಳು ಸವೆದು ದುಂಡಗಾಗಿದ್ದವು.

"ಯಾರೋ ಹಲ್ಲಲ್ಲಿ ಕಚ್ಚಿ ಬಿಚ್ಚಿದ ಹಾಗಿದೆ ಮೇಡಂ."

"ಬರ್ಕೊಳ್ಳಿ. ಹಲ್ಲಲ್ಲಿ ಅಂತ ಬೇಡ."

ಗೋಡೆಯ ಹಲಗೆಯ ಮೇಲೆ ಒಂದು ಸೂಚನೆ ಅಂಟಿಸಿತ್ತು: 'ಎಚ್ಚರಿಕೆ. ಬೆಲ್ಟ್ ಮೂರು ಈ ವಾರ ಕೆಡುವ ಸಂಭವ ಹೆಚ್ಚು.' ಕಳಿಸಿದ್ದು ಮೇಲಿನ ಮಹಡಿಯ ಡೇಟಾ ವಿಭಾಗ. ಆ ವಿಭಾಗ ಎಂದರೆ ಒಬ್ಬನೇ ಮನುಷ್ಯ. ಮೊದಲು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ. ಡೇಟಾ ಸೈನ್ಸ್ ಕೋರ್ಸ್ ಮುಗಿಸಿ ಇಲ್ಲಿಗೆ ಬಂದಿದ್ದ. ಯಂತ್ರಗಳ ನಾಳೆಯನ್ನು ಇವತ್ತೇ ಹೇಳುತ್ತಾನೆಂದು ಕೆಲಸಗಾರರು ಅವನಿಗೆ 'ಭವಿಷ್ಯ ಸಾರ್' ಎಂದು ಹೆಸರಿಟ್ಟಿದ್ದರು.

"ನನ್ನ ಮಗಳೂ ಇದೇ ಕೋರ್ಸಿಗೆ ಸೇರಿದಾಳೆ," ಮೆಟ್ಟಿಲು ಹತ್ತುತ್ತ ದೊಡ್ಡಪ್ಪ ಏದುಸಿರು ಬಿಟ್ಟ. "ಊಟಕ್ಕೆ ಕೂತ್ರೆ, ಅಪ್ಪಾ ನೀನು ಎಷ್ಟು ತುತ್ತು ತಿಂತೀಯ ಅಂತ ಮೊದ್ಲೇ ಹೇಳ್ತೀನಿ ಅಂತಾಳೆ."

"ಸರಿಯಾಗಿ ಹೇಳ್ತಾಳಾ?"

"ಅವಳು ಹೇಳಿದ ಮೇಲೆ ಮುಜುಗರ ಆಗಿ ಒಂದು ತುತ್ತು ಕಮ್ಮಿ ತಿಂತೀನಿ. ತಪ್ಪಾಗುತ್ತೆ."

ಭವಿಷ್ಯ ಸಾರ್ ಮೂರು ಪರದೆಗಳ ಮುಂದೆ ಕೂತಿದ್ದ. ಮೂವತ್ತೈದರ ಆಸುಪಾಸು. ಶುಭ್ರವಾದ ಅಂಗಿ, ಕಣ್ಣ ಕೆಳಗೆ ಕಪ್ಪು. ಪ್ರತಿ ಬೆಲ್ಟಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಪೆಟ್ಟಿಗೆ ಅಂಟಿಸಿದೆ ಎಂದ. ಯಂತ್ರ ಕೆಡುವ ಮುಂಚೆ ಅದರ ನಡುಕ ಬದಲಾಗುತ್ತದೆ. ಆ ನಡುಕದ ಅಂಕಿಗಳಿಂದ ತನ್ನ ಕಂಪ್ಯೂಟರ್ ಮಾಡೆಲ್ ಮುಂದಾಗುವುದನ್ನು ಹೇಳುತ್ತದೆ. ಇನ್ಸ್‌ಪೆಕ್ಟರ್ ಒಂದು ಪ್ರಶ್ನೆ ಕೇಳಿದರೆ ಅವನು ನಾಲ್ಕು ಗ್ರಾಫ್ ತೆರೆಯುತ್ತಿದ್ದ. ಅರ್ಧ ಗಂಟೆಯಲ್ಲಿ ಆಕೆಯ ತಲೆ ಗಿರ್ರೆಂದಿತು.

"ನೆನ್ನೆ ಸಂಜೆ ಕೆಳಗೆ ಹೋಗಿದ್ರಾ?"

"ಚಹಾ ಬಿಡುವಲ್ಲಿ ಒಂದು ಸುತ್ತು ಹೋಗಿದ್ದೆ. ಗ್ರೀಸ್ ವಾಸನೆ ನಂಗಾಗಲ್ಲ, ಬೇಗ ಬಂದೆ. ಆದ್ರೆ ನೋಡಿ ಮೇಡಂ, ಮೂರು ಅಂದಿದ್ದೆ, ಮೂರೇ ಹೋಯ್ತು!" ಮುಖ ಬೆಳಗಿತು. ಮರುಕ್ಷಣ ಆ ಬೆಳಕನ್ನು ಒಳಗೆಳೆದುಕೊಂಡು, "ಪಾಪ, ಆ ಹೆಂಗಸು," ಎಂದ.

ಮೆಟ್ಟಿಲಿಳಿಯುವಾಗ ಮ್ಯಾನೇಜರ್ ದನಿ ತಗ್ಗಿಸಿದ. "ಇದೊಂದೇ ಮೇಡಂ ನಿಜವಾಗಿದ್ದು. ನಾಲ್ಕು ತಿಂಗಳಿಂದ ಅದು ಕೆಡುತ್ತೆ ಇದು ಕೆಡುತ್ತೆ ಅಂತಾನೇ ಇದ್ದ, ಒಂದೂ ಕೆಡಲಿಲ್ಲ. ಈ ತಿಂಗಳಿಗೆ ಆ ವಿಭಾಗಾನೇ ಮುಚ್ಚೋದು ಅಂತ ಆಗಿತ್ತು. ಈಗ ಮಾಲೀಕರೇ ಕರೆದು ಬೆನ್ನು ತಟ್ಟಿದಾರೆ."

"ಎಚ್ಚರಿಕೆ ಕೊಟ್ಟ ಮೇಲೂ ರಾತ್ರಿ ಆ ಬೆಲ್ಟ್ ಯಾಕೆ ಓಡಿಸಿದ್ರಿ?"

"ನಂಬಿದ್ರೆ ತಾನೇ ನಿಲ್ಸೋದು?" ಎಂದವನು ತಕ್ಷಣ ಸಾವರಿಸಿಕೊಂಡ. "ಫಿಟ್ಟರ್‌ಗೆ ನೋಡು ಅಂದಿದ್ದೆ. ಎಲ್ಲಾ ಸರಿಯಿದೆ ಅಂದ. ಅವನಿಗೆ ನಮ್ಮ ಮೇಲೆ ಹಗೆ. ಹೇಗೂ ಎಚ್ಚರಿಕೆ ಇದೆ, ತಾನಾಗೇ ಕೆಟ್ಟಿತು ಅಂದ್ಕೋತಾರೆ ಅಂತ ಮೂರನ್ನೇ ಆರಿಸ್ಕೊಂಡಿದಾನೆ."

ಹೇಳಿದ್ದರಲ್ಲಿ ತರ್ಕವಿತ್ತು. ಅದೇ ಆಕೆಯ ಕಿರಿಕಿರಿ.

ಫಿಟ್ಟರ್‌ನನ್ನು ಠಾಣೆಗೆ ಕರೆಸಿದರು. ಐವತ್ತು ದಾಟಿದ ಗಟ್ಟಿ ಆಳು. ಮೂತಿಗಿಂತ ದೊಡ್ಡ ಮೀಸೆ. ಅವನ ಸ್ಪಾನರ್‌ಗಳನ್ನು ಜಪ್ತಿ ಮಾಡಿ, ಒಂದನ್ನು ಅದೇ ಅಳತೆಯ ಹೊಸ ನಟ್ಟಿಗೆ ಹಾಕಿ ನೋಡಿದರು. ಉಗುರು ಬೆರಳಿಗೆ ಕೂತಷ್ಟು ಸರಿಯಾಗಿ ಕೂತಿತು. ಒಂದು ಗೀರೂ ಬೀಳಲಿಲ್ಲ.

"ಐದರ ಹತ್ರ ಏನು ಮಾಡ್ತಿದ್ದೆ?"

"ಸುಮ್ನೆ ಇದ್ದೆ."

"ಸುಮ್ನೆ ಇರೋಕೆ ಸ್ಪಾನರ್ ಬೇಕಾ?"

"ಕೈಗೆ ಅಭ್ಯಾಸ ಮೇಡಂ. ಕೆಲವರು ಬೀಡಿ ಹಿಡ್ಕೊತಾರೆ."

"ಮುಕ್ಕಾಲು ಗಂಟೆ ಸುಮ್ನೆ ಇದ್ಯಾ?"

ಅವನು ಮೀಸೆ ನೀವಿಕೊಂಡು ಕಿಟಕಿ ನೋಡಿದ. ಗದರಿಸಿದ್ದಾಯಿತು, ಕಾಫಿ ಕೊಟ್ಟಿದ್ದಾಯಿತು. ಬಾಯಿ ಬಿಡಲಿಲ್ಲ. ಅವನನ್ನು ಕೆಲಸದಿಂದ ಅಮಾನತು ಮಾಡಿದ ಸುದ್ದಿ ಸಂಜೆ ಬಂತು. ಅದಕ್ಕೂ, "ಮಾಡ್ಕೊಳ್ಲಿ," ಎಂದಷ್ಟೇ ಅಂದ. ಒಬ್ಬ ಮನುಷ್ಯ ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುವುದನ್ನು ಕೂತು ನೋಡುವ ಸಂಕಟ ಇನ್ಸ್‌ಪೆಕ್ಟರ್‌ಗೆ.

ಮರುದಿನ ಮೇಲಧಿಕಾರಿಗಳ ಫೋನು. "ಏನಮ್ಮಾ, ಒಂದು ನಟ್ಟಿಗೆ ಎಷ್ಟು ದಿನ? ಕ್ಯಾಮೆರಾದಲ್ಲಿ ಇದಾನಂತೆ, ಬಾಯಿ ಬಿಡ್ತಿಲ್ಲವಂತೆ. ಇನ್ನೇನು ಬೇಕು? ನಾಳೆ ಸಂಜೆಗೆ ಅವನನ್ನ ಒಳಗೆ ಹಾಕಿ."

"ಸರ್, ನಟ್ಟಿನ ಮೂಲೆ..."

ಫೋನು ಕಟ್ಟಾಗಿತ್ತು.

ಮೂರನೇ ದಿನ ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆ ಪಡೆಯಲು ಹೋದಾಗ ಒಂದು ಬೆರಳು ತೆಗೆದಾಗಿತ್ತು. ಕೈಗೆ ಬಿಳಿ ಬಟ್ಟೆಯ ಗಂಟು. ಪಕ್ಕದಲ್ಲಿ ನಾದಿನಿ ಕೂತು ಅವಳಿಗೆ ಜಡೆ ಹಾಕುತ್ತಿದ್ದಳು.

"ಫಿಟ್ಟರ್ ಮೇಲೆ ಅನುಮಾನ ಇದೆಯಾ?"

"ಆ ಅಣ್ಣನದು ಬಾಯಿ ಕೆಟ್ಟದು, ಕೈ ಒಳ್ಳೇದು," ಎಂದಳು ಅವಳು. "ಅವರು ಮುಟ್ಟಿದ ನಟ್ಟು ಬೀಳಲ್ಲ. ಮೇಡಂ, ನಂಗೆ ಪರಿಹಾರ ಎಷ್ಟು ಅಂತ ಎಲ್ಲರೂ ಹೇಳ್ತಾರೆ. ನನ್ನ ಬೆರಳು ಯಾಕೆ ಹೋಯ್ತು ಅಂತ ಯಾರೂ ಹೇಳಲ್ಲ. ನೀವು ಹೇಳ್ತೀರಾ?"

ಇನ್ಸ್‌ಪೆಕ್ಟರ್ ಹೇಳಿಕೆಯ ಹಾಳೆ ಮಡಿಸಿಕೊಂಡು ಹೊರಬಂದಳು. ಜೀಪು ಹತ್ತಿದವಳು ಠಾಣೆಗೆ ಹೋಗದೆ ಕಾರ್ಖಾನೆಗೇ ಹೋದಳು. ದೊಡ್ಡಪ್ಪ ಹಣೆ ಚಚ್ಚಿಕೊಂಡ. "ಮತ್ತೆ ಅಲ್ಲಿಗೇನಾ ಮೇಡಂ? ಅಲ್ಲಿನ ಬ್ರೆಡ್ಡಿಗೂ ನಮ್ಮ ಮುಖ ಗುರುತು ಸಿಗುತ್ತೆ."

ಫಿಟ್ಟರ್ ನಿಂತಿದ್ದ ಜಾಗದಲ್ಲಿ, ಐದನೇ ಬೆಲ್ಟಿನ ಮುಂದೆ, ಆಕೆ ನಿಂತಳು. ಏನು ಹುಡುಕುತ್ತಿದ್ದೇನೆಂದು ಆಕೆಗೇ ಗೊತ್ತಿರಲಿಲ್ಲ. ಆ ಬೇಸರದಲ್ಲಿ ಸೆನ್ಸರ್ ಪೆಟ್ಟಿಗೆಯ ಮೇಲಿನ ಹಿಟ್ಟಿನ ಧೂಳನ್ನು ಕರ್ಚೀಫಿನಿಂದ ಒರೆಸಿದಳು. ಕೈ ಸುಮ್ಮನಿರದ ಸ್ವಭಾವ. ಧೂಳಿನಡಿ ಬಿಳಿ ಬಣ್ಣದಲ್ಲಿ ಬರೆದ ಅಂಕೆ ಕಂಡಿತು. ಮೂರು.

"ಇದು ಐದನೇ ಬೆಲ್ಟ್ ಅಲ್ವಾ?" ಹತ್ತಿರದ ಪ್ಯಾಕಿಂಗ್ ಹೆಂಗಸರನ್ನು ಕೇಳಿದಳು. "ಪೆಟ್ಟಿಗೆ ಮೇಲೆ ಮೂರು ಅಂತಿದೆ?"

"ಹೊಸ ನೆಲ ಹಾಕೋವಾಗ ಪೆಟ್ಟಿಗೆ ಎಲ್ಲಾ ಬಿಚ್ಚಿದ್ರು ಮೇಡಂ. ವಾಪಸು ಅಂಟಿಸೋವಾಗ ಮೂರು ಐದಕ್ಕೆ ಬಂತು, ಐದು ಮೂರಕ್ಕೆ ಹೋಯ್ತು. ನಮಗೆಲ್ಲಾ ಗೊತ್ತು."

"ಮೇಲೆ ಹೇಳಲಿಲ್ವಾ?"

"ಭವಿಷ್ಯ ಗೊತ್ತಿರೋರಿಗೆ ನಾವೇನು ಹೇಳೋದು?" ಒಬ್ಬಳು ಅಂದಳು. ಉಳಿದವರು ಕಿಸಕ್ಕೆಂದರು.

ಇನ್ಸ್‌ಪೆಕ್ಟರ್ ನಗಲಿಲ್ಲ. ಮೂರು ಎಂಬ ಪೆಟ್ಟಿಗೆ ಇರುವುದು ಐದರ ಮೇಲೆ. ಅಂದರೆ ಮೇಲಿನ ಪರದೆಯಲ್ಲಿ ನಡುಗಿದ್ದು ಐದನೇ ಬೆಲ್ಟು. ಕೆಟ್ಟರೆ ಐದು ಕೆಡಬೇಕಿತ್ತು. ಮೂರಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಎಚ್ಚರಿಕೆಯಲ್ಲಿ ಮೂರು ಅಂದರೆ ಐದು ಎಂದು ಕೆಳಗಿನ ಎಲ್ಲರಿಗೂ ಗೊತ್ತಿತ್ತು. ತಾನಾಗೇ ಕೆಟ್ಟಂತೆ ತೋರಿಸಬೇಕಾಗಿದ್ದರೆ ಫಿಟ್ಟರ್ ಐದನ್ನು ಕೆಡಿಸುತ್ತಿದ್ದ. ಮೂರು ಅಂದರೆ ಮೂರೇ ಎಂದು ನಂಬಿದ್ದವನು ಮೇಲೆ ಕೂತಿದ್ದ.

ಮೇಲಿನ ಮಹಡಿಗೆ ಹತ್ತುವಾಗ ದೊಡ್ಡಪ್ಪ ಈ ಸಲ ಮಗಳ ಮಾತೆತ್ತಲಿಲ್ಲ.

"ನಿಮ್ಮ ಮಾಡೆಲ್ ಯಾವ ಬೆಲ್ಟ್ ಕೆಡುತ್ತೆ ಅಂತು?"

"ಮೂರು ಮೇಡಂ. ಮೊನ್ನೇನೇ ಹೇಳಿದ್ನಲ್ಲ."

"ಆ ಪೆಟ್ಟಿಗೆ ಮೂರರ ಮೇಲಿಲ್ಲ. ಐದರ ಮೇಲಿದೆ. ನೆಲ ಹಾಕ್ದಾಗ ಅದಲು ಬದಲಾಗಿದೆ."

ಅವನು ಪರದೆಯತ್ತ ತಿರುಗಿದ. ಬೆರಳುಗಳು ಕೀಲಿಗಳ ಮೇಲೆ ಓಡಿದವು, ಹಳೆಯ ಗ್ರಾಫ್ ಒಂದು ತೆರೆದುಕೊಂಡಿತು. ಬಹಳ ಹೊತ್ತು ನೋಡಿದ. ಇಬ್ಬರು ಪೊಲೀಸರು ಪಕ್ಕದಲ್ಲಿ ನಿಂತಿರುವುದು ಅವನಿಗೆ ಮರೆತೇ ಹೋದಂತಿತ್ತು.

"ಹಾಗಾದ್ರೆ ಐದು ಯಾಕೆ ಕೆಡಲಿಲ್ಲ?" ಎಂದ.

"ಅದಿರ್ಲಿ. ಕಾಯಿಲೆ ಇಲ್ಲದ ಮೂರು ಯಾಕೆ ಕೆಡ್ತು?"

ಅವನ ಕೈಗಳು ಕೀಲಿಗಳ ಮೇಲೆ ಹಾಗೇ ನಿಂತವು. ದೊಡ್ಡಪ್ಪ ಹುಡುಕಿದಾಗ ಮೇಜಿನ ಕೆಳಗಿನ ಖಾನೆಯಲ್ಲಿ, ಒಗೆದು ಮಡಿಸಿದ ಕರವಸ್ತ್ರದಲ್ಲಿ ಸುತ್ತಿದ ಒಂದು ಮನೆಬಳಕೆಯ ಇಕ್ಕಳ ಸಿಕ್ಕಿತು. ಹಲ್ಲುಗಳ ಸಂದಿನಲ್ಲಿ ಕಪ್ಪು ಗ್ರೀಸ್ ಇನ್ನೂ ಮೆತ್ತಿಕೊಂಡಿತ್ತು. ಪಂಚರನ್ನು ಕರೆಸಿ, ಮೊಹರು ಮಾಡಿ, ಸಂಜೆ ಐದು ಹತ್ತಕ್ಕೆ ಅವನನ್ನು ದಸ್ತಗಿರಿ ಮಾಡಿದರು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

"ಕಾಲೇಜು ಬಿಟ್ಟು ಬಂದಾಗ ಹುಚ್ಚು ಅಂದಿದ್ರು ಮೇಡಂ. ನಮ್ಮಣ್ಣ ಈಗ್ಲೂ ನಾಲ್ಕು ಜನರ ಮುಂದೆ ಕೇಳ್ತಾನೆ, ಏನೋ, ಇವತ್ತು ಏನು ಕೆಡುತ್ತೆ ಅಂತ. ನಾಲ್ಕು ತಿಂಗಳು, ಒಂದೂ ನಿಜವಾಗಲಿಲ್ಲ. ಅಂಕಿ ನೋಡಿದ್ರೆ ಸರಿ ಇದೆ. ಕೆಳಗೆ ನೋಡಿದ್ರೆ ಎಲ್ಲಾ ಓಡ್ತಾ ಇದೆ. ಒಂದೇ ಒಂದು ಸಲ ನಿಜ ಆದ್ರೆ ಸಾಕಿತ್ತು, ಉಸಿರಾಡೋಕೆ ಟೈಮ್ ಸಿಗ್ತಿತ್ತು. ನಟ್ಟು ಸಡಿಲ ಮಾಡಿದ್ರೆ ಬೆಲ್ಟ್ ಜಾರಿ ನಿಲ್ಲುತ್ತೆ, ಅಷ್ಟೇ ಅಂದ್ಕೊಂಡಿದ್ದೆ." ತನ್ನ ಬೆರಳುಗಳನ್ನು ನೋಡಿಕೊಂಡ. "ನಟ್ಟು ಬಿದ್ದ ಸದ್ದಿಗೆ ಯಾರಾದ್ರೂ ಬಗ್ಗಿ ನೋಡ್ತಾರೆ ಅನ್ನೋದು ನನ್ನ ಲೆಕ್ಕದಲ್ಲಿ ಇರ್ಲಿಲ್ಲ."

ಹೇಳಿಕೆಗೆ ಸಹಿ ಹಾಕಿಸಿಕೊಂಡು ಲಾಕಪ್ಪಿಗೆ ಕಳಿಸಿದರು. ಮೇಲಧಿಕಾರಿಗಳು ಫೋನಿನಲ್ಲಿ, "ನಂಗೆ ಮೊದ್ಲೇ ಅನುಮಾನ ಇತ್ತು," ಎಂದರು.

ಮರುದಿನ ಬೆಳಿಗ್ಗೆ ಫಿಟ್ಟರ್ ತನ್ನ ಸ್ಪಾನರ್ ಕೇಳಿಕೊಂಡು ಬಂದ. ಅಮಾನತು ರದ್ದಾಗಿತ್ತು. ದೊಡ್ಡಪ್ಪ ಚಹಾ ಕುಡಿಯಲು ಹೋಗಿದ್ದ. ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಒಬ್ಬಳೇ.

"ಇವು ಕೋರ್ಟಿಗೆ ಬೇಕಾಗಲ್ಲ, ತಗೋ. ಈಗಾದ್ರೂ ಹೇಳು. ಐದರ ಹತ್ರ ಏನು ಮಾಡ್ತಿದ್ದೆ?"

ಅವನು ಬಾಗಿಲ ಕಡೆ ನೋಡಿ, ಕುರ್ಚಿ ಎಳೆದುಕೊಂಡ. "ಬೇರಿಂಗ್ ಬದಲಾಯಿಸ್ತಿದ್ದೆ. ಮುಟ್ಟಿದ್ರೆ ಸುಡ್ತಿತ್ತು. ಇನ್ನೊಂದೆರಡು ದಿನ ಬಿಟ್ಟಿದ್ರೆ ಸೀದು ಹೋಗ್ತಿತ್ತು."

"ನಿಂಗೆ ಹೇಗೆ ಗೊತ್ತಾಯ್ತು?"

"ಅವನೇ ಹೇಳಿದ್ನಲ್ಲ! ಮೂರು ಅಂತ ಅಂಟಿಸಿದ್ದ. ಅವನ ಮೂರು ನಮ್ಮ ಐದು. ನಾಲ್ಕು ತಿಂಗಳಿಂದ ಹೀಗೇ ಮೇಡಂ. ಅವನು ಹೇಳಿದ ಯಂತ್ರಾನ ಎಲ್ಲರೂ ಹೋದ ಮೇಲೆ ಹೋಗಿ ನೋಡ್ತೀನಿ, ಏನಾದ್ರೊಂದು ಇದ್ದೇ ಇರುತ್ತೆ. ಸರಿ ಮಾಡಿ ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ. ಬೆಳಿಗ್ಗೆ ಯಂತ್ರ ಓಡುತ್ತೆ. ಎಲ್ಲಾರೂ ಅವನನ್ನ ನೋಡಿ ನಗ್ತಾರೆ."

"ನೀನು?"

"ನಾನೂ ನಗ್ತೀನಿ." ಮೀಸೆಯ ಮೇಲೆ ಕೈ ಹೋಯಿತು. "ಮೊದಲನೇ ದಿನವೇ ಎಲ್ಲರ ಮುಂದೆ ಅಂದುಬಿಟ್ಟಿದ್ದೆ, ಇವನ ಮಾತು ಒಂದು ಸಲ ನಿಜವಾದ್ರೂ ಮೀಸೆ ಬೋಳಿಸ್ತೀನಿ ಅಂತ. ಆಮೇಲೆ ಮೀಸೆದೂ ಅಲ್ಲ ಮೇಡಂ. ಅವನ ಡಬ್ಬಿಗೇ ಎಲ್ಲಾ ಗೊತ್ತಾಗುತ್ತೆ ಅಂದ್ರೆ ಸದ್ದು ಕೇಳಿಯೇ ಯಂತ್ರದ ಕಾಯಿಲೆ ಹೇಳೋ ನನ್ನ ಕಿವಿ ಯಾರಿಗೆ ಬೇಕು?" ಸ್ಪಾನರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. "ಇದನ್ನ ಬರ್ಕೋತೀರಾ?"

ಇನ್ಸ್‌ಪೆಕ್ಟರ್ ಪೆನ್ನಿಗೆ ಮುಚ್ಚಳ ಹಾಕಿದಳು. ಪ್ರಕರಣಕ್ಕೆ ಇದು ಬೇಕಿರಲಿಲ್ಲ. ನಟ್ಟು ಬಿಚ್ಚಿದವನು ಬಿಚ್ಚಿದ್ದ, ಒಪ್ಪಿಕೊಂಡಿದ್ದ.

"ಹೋಗು," ಎಂದಳು. ಬಾಗಿಲ ತನಕ ಹೋದವನನ್ನು ಮತ್ತೆ ಕರೆದು, "ಆಸ್ಪತ್ರೆಗೆ ಹೋಗಿ ಆ ಹೆಂಗಸನ್ನ ನೋಡ್ಕೊಂಡು ಬಾ. ನಿನ್ನ ಕೈ ಒಳ್ಳೇದು ಅಂದಿದಾಳೆ," ಎಂದಳು. ಅವನು ತಲೆ ತಗ್ಗಿಸಿಕೊಂಡು ಹೋದ.

ಹನ್ನೊಂದಕ್ಕೆ ಕೋರ್ಟಿಗೆ ಹೊರಡಬೇಕಿತ್ತು. ಲಾಕಪ್ಪಿನ ಬೀಗ ನೋಡಲು ಹೋದಾಗ ಭವಿಷ್ಯ ಸಾರ್ ಗೋಡೆಗೊರಗಿ ಕೂತಿದ್ದ. ನಿದ್ದೆ ಮಾಡಿದಂತಿರಲಿಲ್ಲ. ಆಕೆಯನ್ನು ಕಂಡದ್ದೇ ಎದ್ದು ಸರಳು ಹಿಡಿದ.

"ಮೇಡಂ, ರಾತ್ರಿಯೆಲ್ಲಾ ಮನಸ್ಸಲ್ಲೇ ಲೆಕ್ಕ ಹಾಕ್ದೆ. ಎಲ್ಲಿ ತಪ್ಪಿದ್ದು ಅಂತ ಗೊತ್ತಾಗ್ತಿಲ್ಲ. ಐದು ಕೆಡಲೇಬೇಕಿತ್ತು. ಯಾಕೆ ಕೆಡಲಿಲ್ಲ ಅಂತ ಏನಾದ್ರೂ ಗೊತ್ತಾಯ್ತಾ?"

ನೀನು ಎಲ್ಲೂ ತಪ್ಪಿರಲಿಲ್ಲ ಎಂಬ ಮಾತು ಆಕೆಯ ನಾಲಿಗೆಯ ತುದಿಯ ತನಕ ಬಂತು. ಅವನ ಕಣ್ಣುಗಳನ್ನು ನೋಡಿದಳು. ಆಸ್ಪತ್ರೆಯ ಬಿಳಿ ಗಂಟು ನೆನಪಾಯಿತು. ಅವನ ಲೆಕ್ಕ ಪ್ರತಿ ಸಲವೂ ಸರಿಯಿದ್ದು, ಆ ಬೆರಳು ಸುಮ್ಮಸುಮ್ಮನೆ ಹೋಯಿತೆಂದು ತಿಳಿದ ಮೇಲೆ ಈ ಮನುಷ್ಯ ಇನ್ನೊಂದು ರಾತ್ರಿಯನ್ನು ಹೇಗೆ ಕಳೆದಾನು? ಆ ಹೆಂಗಸಿಗೆ ತಾನೇ ಯಾವ ಬಾಯಲ್ಲಿ ಹೇಳುವುದು? ದೊಡ್ಡಪ್ಪನಿಗೂ ಬೇಡ. ಅವನಿಗೆ ಹೇಳಿದರೆ ರಾತ್ರಿ ಊಟದ ಹೊತ್ತಿಗೆ ಮಗಳ ಕಿವಿಗೆ ಬಿದ್ದಿರುತ್ತದೆ.

"ಇಲ್ಲ," ಎಂದಳು ಇನ್ಸ್‌ಪೆಕ್ಟರ್. "ಗೊತ್ತಾಗಲಿಲ್ಲ."

ಬೀಗವನ್ನು ಎಳೆದು ನೋಡಿದಳು. ಎರಡು ಹೆಜ್ಜೆ ಹೋಗಿ, ವಾಪಸು ಬಂದು, ಇನ್ನೊಮ್ಮೆ ಎಳೆದು ನೋಡಿದಳು.