ಹಳೇ ರಸ್ತೆಯ ಹವಾ

"ಗಾಡಿ ಮ್ಯಾಲ ಕಂಪ್ರೆಸರ್ ಕೂಡಸಬೇಕ್ರಿ," ಎಂದ ಮಾಳೇಶ.

ಶುಭಾಂಗಿ ಸ್ಕೂಟರಿನ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದಳು. ಅವಳ ಕೈ ನೀರಿನಲ್ಲೇ ನಿಂತಿತು.

ಪಂಚರ ಅಂಗಡಿಯ ಮುಂದೆ ಅವನ ಪಿಕಪ್ ನಿಂತಿತ್ತು. ಹಾದಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಗಾಡಿ ಅದು. ಹಿಂದೆ ಸಣ್ಣ ಕ್ರೇನು, ಕ್ರೇನಿಗೆ ಕಬ್ಬಿಣದ ಕೊಕ್ಕೆ. ಡ್ರೈವರ್ ಪಕ್ಕದ ಸೀಟಿನ ಮೇಲೆ ಯಾವಾಗಲೂ ಸರಪಳಿ, ಹಗ್ಗಗಳ ರಾಶಿ. ಆ ಸೀಟಿನಲ್ಲಿ ಮನುಷ್ಯರು ಕೂತದ್ದನ್ನು ಅಕ್ಕೋಳದಲ್ಲಿ ಯಾರೂ ಕಂಡಿರಲಿಲ್ಲ. ಈಗ ಆ ರಾಶಿಯ ಮೇಲೆ ಎರಡು ಹೊಸ ರಟ್ಟಿನ ಡಬ್ಬಿಗಳು: ಒಂದರಲ್ಲಿ ಕಂಪ್ರೆಸರ್, ಇನ್ನೊಂದರಲ್ಲಿ ಹವಾ ತುಂಬಿಡುವ ಟ್ಯಾಂಕು.

"ಅಂದ್ರ, ರಸ್ತಾದಾಗ ನಿಂತ ಗಾಡಿಗೆ ಇನ್ನ ನೀವ ಹವಾ ತುಂಬಾವ್ರು."

"ಹೌದ್ರಿ."

"ನಮ್ಮ ಅಂಗಡಿಗೆ ಯಾರೂ ಬರೂದ ಬ್ಯಾಡ."

ಮಾಳೇಶ ನೆಲ ನೋಡಿದ. ಉತ್ತರವೊಂದು ಅವನ ಗಂಟಲವರೆಗೆ ಬಂದು ಹಿಂದಕ್ಕೆ ಹೋದದ್ದು ಅವಳಿಗೆ ಕಂಡಿತು. ಸಿಟ್ಟು ಬಂದದ್ದು ಅದಕ್ಕೆ. ಉತ್ತರವೇ ಇಲ್ಲದವನಾಗಿದ್ದರೆ ಕ್ಷಮಿಸಬಹುದಿತ್ತು.

"ನಿಪ್ಪಾಣ್ಯಾಗ ಇದನ್ನ ಮಾಡಾವ್ರು ಬೇಕಾದಷ್ಟು ಮಂದಿ ಅದಾರ. ಅಲ್ಲಿಗೆ ಹೋಗ್ರಿ."

"ನೀವ ಮಾಡಬೇಕ್ರಿ," ಎಂದ. ಅಷ್ಟೇ.

ಒಳಗೆ ಹಳೇ ಟೈರಿನ ಮೇಲೆ ಕುಳಿತಿದ್ದ ಅಪ್ಪ ದಾದಾಸಾಹೇಬ ಮೊಣಕಾಲು ತಿಕ್ಕಿಕೊಳ್ಳುತ್ತ ಅಂದ: "ಬಾಗಲಿಗೆ ಬಂದ ಕೆಲಸ ಹೊಳ್ಳಿ ಕಳಸಬ್ಯಾಡ, ಶುಭಾ."

"ಕಳಸೂದಿಲ್ಲ ಅಪ್ಪಾ. ಹೊಟ್ಟಿ ಮ್ಯಾಲ ಹೊಡಿಯಾವ್ರಿಗೂ ಕೆಲಸ ಗಟ್ಟಿನ ಮಾಡಿ ಕೊಡತೀನಿ. ಗಾಡಿ ಮುರದರೂ ಕಂಪ್ರೆಸರ್ ಅಲಗಾಡಬಾರದು, ಹಂಗ."

ಊರ ಹೊರಗೆ ಹೊಸ ರಸ್ತೆಯಾದ ಮೇಲೆ ಲಾರಿ, ಟ್ರ್ಯಾಕ್ಟರ್ ಎಲ್ಲ ಆ ಕಡೆಗೇ ತಿರುಗಿದ್ದವು. ಹಳೇ ರಸ್ತೆಗೆ ಉಳಿದದ್ದು ಶಾಲೆಯ ಸೈಕಲ್ಲುಗಳು, ಹಾಲಿನವರ ಬೈಕುಗಳು. ಅಂಗಡಿಯ ಕಂಬಕ್ಕೆ ತೂಗಿದ ಹಳೇ ಟೈರಿನ ಮೇಲೆ ಅಪ್ಪ ಬಿಳಿ ಬಣ್ಣದಲ್ಲಿ ಬರೆದ ‘ಹವಾ’ ಎಂಬ ಅಕ್ಷರಗಳನ್ನು ಈಗ ಓದುವವರೇ ಇರಲಿಲ್ಲ. ನಿಪ್ಪಾಣಿಯಲ್ಲಿ ಐಟಿಐ ಮುಗಿಸಿದ್ದ ಶುಭಾಂಗಿ ಕಾಗಲದ ಕಡೆಯ ಒಂದು ಕಂಪನಿಗೆ ಕೆಲಸಕ್ಕೆ ಬರುತ್ತೇನೆಂದು ಹೇಳಿಯಾಗಿತ್ತು. ಸೋಮವಾರ ಹೊರಡಬೇಕು. ಹೋಗುವ ಮನಸ್ಸಿರಲಿಲ್ಲ, ಇರುವುದಕ್ಕೆ ದಾರಿ ಇರಲಿಲ್ಲ. ಅವಳು ಹೋದರೆ ಅಂಗಡಿಯ ಕದ ಮುಚ್ಚುವುದೂ ಅಂದೇ.

ಮರುದಿನ ಗಾಡಿಯನ್ನು ಸುತ್ತು ಹಾಕಿ ಅಳತೆ ಹಿಡಿದಳು.

"ಬಾನೆಟ್ ಒಳಗ ಕೂಡ್ರೂದಿಲ್ಲೇನ್ರಿ?" ಮಾಳೇಶ ಕೇಳಿದ.

"ಇಂಜಿನ್ ಕಾವಿಗೆ ಸುಟ್ಟ ಹೋಗತೈತಿ."

"ತಳಗ?"

"ಕಬ್ಬಿನ ಹಾದಿ ಕೆಸರೆಲ್ಲಾ ಕುಡೀತೈತಿ. ಕ್ಯಾಬಿನ್ ಹಿಂದ ಪೆಟಗಿ ಐತಲ್ಲ, ಅದರಾಗ ಕೂಡಸೂದು. ಹವಾ ಟ್ಯಾಂಕ್ ಅಷ್ಟ ತಳಗ, ಚಾಸಿ ಗುಂಟ."

"ಪೆಟಗ್ಯಾಗ ಸರಪಳಿಗೂ ಜಾಗ ಬೇಕ್ರಿ."

ಅವಳು ಅಳತೆಯ ಪಟ್ಟಿಯಿಂದ ತಲೆಯೆತ್ತಿದಳು. "ಸರಪಳಿ ಯಾವಾಗೂ ಸೀಟ್ ಮ್ಯಾಲ ಇರತಾವಲ್ಲ?"

"ಇನ್ನ ಮ್ಯಾಲ ಇರೂದಿಲ್ಲ."

"ಯಾಕ?"

ಅವನು ಪೆಟ್ಟಿಗೆಯ ಮುಚ್ಚಳ ತೆರೆದು ಒಳಗಿನ ಜಾಗವನ್ನು ಗೇಣಿನಿಂದ ಅಳೆದ.

"ಪೆಟಗಿ ಸಣ್ಣದೈತ್ರಿ, ಎರಡೂ ಕೂಡ್ರೂದಿಲ್ಲ," ಎಂದಳು.

"ಹೆಂಗರ ಮಾಡಿ ಕೂಡಸ್ರಿ."

ಬೈದುಕೊಳ್ಳುತ್ತಲೇ ಕಬ್ಬಿಣದ ಪಟ್ಟಿ ಕತ್ತರಿಸಿ ಪೆಟ್ಟಿಗೆಯೊಳಗೆ ಅಟ್ಟಣೆ ಮಾಡಿದಳು. ಮೇಲೆ ಕಂಪ್ರೆಸರ್, ಕೆಳಗೆ ಸರಪಳಿ. ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು. ಅವನು ಪಟ್ಟಿಯ ತುದಿ ಹಿಡಿದು ನಿಂತಿದ್ದ. ವೆಲ್ಡಿಂಗಿನ ಬೆಳಕು ಆರಿದಾಗಲೊಮ್ಮೆ ಅವಳು ಕಪ್ಪು ಗಾಜು ಸರಿಸಿ ನೋಡುತ್ತಿದ್ದಳು. ಆಗೆಲ್ಲ ಅವನು ಬೇರೆಲ್ಲೋ ನೋಡುತ್ತಿದ್ದ. ಬೇರೆಲ್ಲೋ ನೋಡುವುದಕ್ಕೂ ಮೊದಲು ಅವನು ಎಲ್ಲಿ ನೋಡುತ್ತಿದ್ದ ಎಂಬುದು ಅವಳಿಗೆ ಗೊತ್ತಿತ್ತು.

ಬ್ಯಾಟರಿಯಿಂದ ದಪ್ಪ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸುವಾಗ ಅವಳ ಗಲ್ಲಕ್ಕೆ ಗ್ರೀಸ್ ಹತ್ತಿತು. ಮಾಳೇಶ ತನ್ನ ಗಲ್ಲ ಮುಟ್ಟಿ ತೋರಿಸಿದ. ಅವಳು ಬಲಗಡೆಯದನ್ನು ಒರೆಸಿಕೊಂಡಳು. ಅವನು ತಲೆಯಲ್ಲಾಡಿಸಿ ಮತ್ತೆ ತೋರಿಸಿದ. ಈ ಸಲ ಗ್ರೀಸ್ ಮೂಗಿಗೂ ಬಂತು.

"ಬಾಯಿಲೆ ಹೇಳಾಕ ಬರೂದಿಲ್ಲೇನ್ರಿ? ನಿಮಗ ಬಿ.ಎ. ಕಾಲೇಜಿನ್ಯಾಗ ಮಾತು ಬಿಟ್ಟ ಉಳಿದದ್ದೆಲ್ಲಾ ಕಲಸ್ಯಾರೇನು?"

"ಎಡಕ್ಕ," ಎಂದ.

ದಾದಾಸಾಹೇಬ ಒಳಗಿಂದ ನಕ್ಕದ್ದು ಕೇಳಿಸಿತು.

ಶನಿವಾರ ಮಧ್ಯಾಹ್ನ ಕೆಲಸ ಮುಗಿಯಿತು. ಇಂಜಿನ್ ಚಾಲೂ ಮಾಡಿ ಸ್ವಿಚ್ ಒತ್ತಿದಳು. ಮೋಟರ್ ಗುಂಯ್ಗುಟ್ಟಿತು, ಹವಾ ಅಳೆಯುವ ಮೀಟರಿನ ಮುಳ್ಳು ಮೆಲ್ಲಗೆ ಏರಿತು, ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ತಾನೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳು ನಗಬೇಕೆನ್ನುವಷ್ಟರಲ್ಲಿ ಮೋಟರ್ ಮತ್ತೆ ಚಾಲೂ ಆಯಿತು.

"ಎಲ್ಲೋ ಹವಾ ಹೋಗಾಕತ್ತೈತಿ," ಎಂದಳು.

ಸೋಪಿನ ನೀರಲ್ಲಿ ಬ್ರಶ್ ಅದ್ದಿ ಒಂದೊಂದೇ ಜೋಡಣೆಗೆ ಹಚ್ಚಿದಳು. ಎಲ್ಲೂ ಗುಳ್ಳೆ ಏಳಲಿಲ್ಲ. ಮತ್ತೊಮ್ಮೆ ಹಚ್ಚಿದಳು. ಇಲ್ಲ. ಹಲ್ಲು ಕಚ್ಚಿಕೊಂಡು ಇಂಜಿನ್, ಮೋಟರ್ ಎರಡನ್ನೂ ಬಂದ್ ಮಾಡಿದಳು.

"ಅಪ್ಪಾ, ರೇಡಿಯೋ ಬಂದ್ ಮಾಡು."

ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಒಂದು ಕಡೆಯಿಂದ ಅವಳು, ಇನ್ನೊಂದು ಕಡೆಯಿಂದ ಅವನು ಸರಿದರು. ನಡುವೆ ಟ್ಯಾಂಕು.

ಮೊದಲು ಅವಳಿಗೆ ಕೇಳಿಸಿದ್ದು ತನ್ನ ಉಸಿರು. ಆಮೇಲೆ ಅವನದು. ಆಮೇಲೆ ತಗಡಿನ ಮೇಲೆ ಗುಬ್ಬಿಯೊಂದು ಕಾಲಿಟ್ಟದ್ದು. ಮೌನದೊಳಗೂ ಎಷ್ಟೊಂದು ಮನೆಗಳಿರುತ್ತವೆ, ಒಂದೊಂದನ್ನೇ ದಾಟಿ ಹೋಗಬೇಕಾಗುತ್ತದೆ ಎಂದುಕೊಂಡಳು. ಮಾತಿಲ್ಲದ ಈ ಮನುಷ್ಯ ಇಷ್ಟು ವರ್ಷ ಅದರೊಳಗೇ ಇದ್ದವನು. ಅದಕ್ಕೇ ಇರಬೇಕು, ಅವನು ಮೊದಲು ಬೆರಳೆತ್ತಿದ. ಅವಳಿಗೂ ಕೇಳಿಸಿತು: ಎಳೆಯಷ್ಟು ಸಣ್ಣ ಸದ್ದು. ಟ್ಯಾಂಕಿನ ನೀರು ಬಸಿಯುವ ನಲ್ಲಿಯ ಬುಡದಲ್ಲಿ, ಪಟ್ಟಿಯ ಮರೆಯಲ್ಲಿ. ಬ್ರಶ್ ಅಲ್ಲಿಗೆ ಮುಟ್ಟಿರಲಿಲ್ಲ. ಇಬ್ಬರ ಬೆರಳೂ ಒಮ್ಮೆಲೇ ಅಲ್ಲಿಗೆ ಹೋದವು. ತೆಗೆಯುವ ಗಡಿಬಿಡಿ ಯಾರಿಗೂ ಇರಲಿಲ್ಲ.

"ಕಿವಿ ಚಲೋ ಅದಾವ ನಿಮ್ಮವು," ಎಂದಳು, ಮೆಲ್ಲಗೆ. "ಬಾಯಿನೂ ಹಂಗ ಇದ್ದಿದ್ರ..."

"ಇದ್ದಿದ್ರ?"

"ಸೋಮವಾರ ಹೊಂಟೀನಿ ಅಂತ ಊರಿಗೆಲ್ಲಾ ಗೊತ್ತೈತಿ. ಹೋಗು ಅಂತನಾದ್ರೂ ಒಂದ್ ಮಾತು ಅಂತಿದ್ರಿ."

ಅವನು ಗಾಡಿಯ ತಳವನ್ನೇ ದಿಟ್ಟಿಸಿದ. "ಅನ್ನಬೇಕು," ಎಂದ. ಅನ್ನಲಿಲ್ಲ.

ಅವಳು ಸರ್ರನೆ ಹೊರಗೆ ಸರಿದಳು. ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು, ನಲ್ಲಿ ಬಿಚ್ಚಿ, ಟೇಪ್ ಸುತ್ತಿ, ಪಾನಾದಿಂದ ಬಿಗಿಯಾಗಿ ತಿರುವಿ ಕೂರಿಸಿದಳು. ಆ ಪಾನಾ ತಿರುವಿದ ರೀತಿಯಲ್ಲಿ ಸಿಟ್ಟೆಲ್ಲ ಇತ್ತು.

ಅಷ್ಟರಲ್ಲಿ ಅವನ ಫೋನ್ ಬಂತು. ಹೊಸ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರೇಲರಿನ ಗಾಲಿ ಪಂಚರಾಗಿ ಕೂತಿದೆ, ಹಿಂದೆ ಗಾಡಿಗಳು ನಿಂತಿವೆ.

"ಹೋಗ್ರಿ," ಎಂದಳು ಅರಿವೆಗೆ ಕೈ ಒರೆಸಿಕೊಳ್ಳುತ್ತ. "ಇಂಜಿನ್ ಚಾಲೂ ಇಟ್ಟ ಮೋಟರ್ ಹಾಕ್ರಿ, ಇಲ್ಲಾಂದ್ರ ಬ್ಯಾಟರಿ ಇಳೀತೈತಿ. ದಿನಾ ಸಂಜಿಗೆ ಟ್ಯಾಂಕಿನ ನೀರು ಬಿಡ್ರಿ."

ಮಾಳೇಶ ಹೋಗಲಿಲ್ಲ. ಸುತ್ತು ಬಳಸಿ ಬಂದು ಎಡಗಡೆಯ ಬಾಗಿಲು ತೆರೆದು ಹಿಡಿದ.

ಸೀಟು ಖಾಲಿ ಇತ್ತು. ಸರಪಳಿ ಇಲ್ಲ, ಹಗ್ಗ ಇಲ್ಲ. ಹೊಸ ಕವರು. ವರ್ಷಗಟ್ಟಲೆ ಕಬ್ಬಿಣದಡಿ ಹೂತಿದ್ದ ಸೀಟ್ ಬೆಲ್ಟನ್ನು ಹೊರಗೆಳೆದು ತೊಳೆದಿದ್ದ.

"ಹತ್ತ್ರಿ."

"ನಾ ಯಾಕ?"

"ಗಾಡಿ ಎಳಿಯೂದು ನನಗ ಬರತೈತಿ. ಹವಾ, ಪಂಚರ ಬರೂದಿಲ್ಲ." ಈ ಸಲ ಅವನು ಅರ್ಧಕ್ಕೆ ನಿಲ್ಲಿಸಲಿಲ್ಲ. "ಗಿರಾಕಿ ಅಂಗಡಿಗೆ ಬರೂದ ಬಿಟ್ಟರ ಅಂಗಡಿನ ಗಿರಾಕಿ ಕಡೆ ಹೋಗಬೇಕು. ಕಂಪ್ರೆಸರ್ ನನಗಂತ ತಂದಿಲ್ರಿ. ನಿಮಗ."

ಅವಳಿಗೆ ಅಟ್ಟಣೆಯ ಕೆಳಗಿನ ಸರಪಳಿ ನೆನಪಾಯಿತು. ತನ್ನ ಸೀಟನ್ನು ತಾನೇ ಬೈಯುತ್ತ ಖಾಲಿ ಮಾಡಿಕೊಂಡಿದ್ದಳು.

"ಮೊದಲ ದಿವಸನ ಹೇಳಾಕ ಏನಾಗಿತ್ತು?"

"ಮೊದಲ ದಿವಸ ಅವ್ವ ಒಪ್ಪಿರಲಿಲ್ಲ."

ಅವನ ಮನೆಯ ದೇವರ ಜಗಲಿಯ ಮೇಲೆ ಮಾಯಕ್ಕದೇವಿ, ಅವಳ ಅಂಗಡಿಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ. ನಡುವೆ ಎರಡು ಓಣಿಗಳಷ್ಟೇ ದೂರ. ಆ ಎರಡು ಓಣಿಗಳನ್ನು ಊರಿನಲ್ಲಿ ಯಾರೂ ಸುಲಭಕ್ಕೆ ದಾಟಿರಲಿಲ್ಲ.

"ನಿಮ್ಮವ್ವ ಸಾವಿತ್ರೆವ್ವಗ ಏನಂತ ಹೇಳಿದ್ರಿ?"

"ನಿಮ್ಮ ಹೆಸರು ಹೇಳಿದೆ."

"ಅಷ್ಟ?"

"ಅಷ್ಟ. ಮಾತ ಬಿಟ್ಟಿದ್ಲು. ಇವತ್ತ ಮುಂಜಾನೆ ಒಲಿ ಮುಂದ ಕುಂತಾಕಿ ಒಮ್ಮೆಲೆ ಕೇಳಿದ್ಲು, ಆಕಿಗೆ ರೊಟ್ಟಿ ಬಡಿಯಾಕ ಬರತೈತೇನು ಅಂತ."

"ನೀವೇನಂದ್ರಿ?"

"ರೊಟ್ಟಿ ಗೊತ್ತಿಲ್ಲ, ಟೈರ್ ಬಡಿಯಾಕ ಬರತೈತಿ ಅಂದೆ. ಹಂಗಾರ ರೊಟ್ಟಿ ನೀ ಕಲಿ ಅಂದ್ಲು."

ಶುಭಾಂಗಿ ನಗು ತಡೆಯಲು ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು ಬಂದದ್ದು ನಗುವಿನಿಂದಲೇ ಇರಬೇಕು. ತಿರುಗಿದಾಗ ಅಪ್ಪ ಕಂಡ. ದಾದಾಸಾಹೇಬ ಎದ್ದು ನಿಂತಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಅಪ್ಪಾ..."

"ನನಗೇನ ಕೇಳತಿ?" ಎಂದ ಆತ. "ನಾ ಯಾವಾಗಿಂದ ನೋಡಾಕತ್ತೀನಿ. ಅಲ್ಲಿ ಗಿರಾಕಿ ಕಾಯಾಕತ್ತಾನ."

ಅವಳು ಸ್ಟೂಲ್ ಎಳೆದು ಹತ್ತಿ ಕಂಬದ ಮೇಲಿನ ಟೈರನ್ನು ಬಿಚ್ಚಿದಳು. ದಾದಾಸಾಹೇಬನ ಮುಖ ಸಣ್ಣದಾಯಿತು.

"ಅಂಗಡಿ ಬಂದ್ ಮಾಡತಿ?"

"ಇಲ್ಲಪ್ಪಾ. ನೀ ಇಲ್ಲಿ ಸೈಕಲ್ ನೋಡು. ನಾ ಲಾರಿ ನೋಡತೀನಿ."

ಟೈರನ್ನು ಹೊತ್ತು ತಂದು ಕ್ರೇನಿನ ಕೊಕ್ಕೆಗೆ ತೂಗಿದಳು. ಅಕ್ಷರಗಳು ಹಿಂದೆ ಬರುವವರಿಗೆ ಕಾಣುವಂತೆ ತಿರುಗಿಸಿ ತಂತಿಯಿಂದ ಬಿಗಿದಳು. ಆಮೇಲೆ ಪಾನಾ ಚೀಲ ಕಾಲ ಬಳಿ ಇಟ್ಟುಕೊಂಡು ಸೀಟಿನಲ್ಲಿ ಕುಳಿತು ಬೆಲ್ಟ್ ಎಳೆದುಕೊಂಡಳು. ಬೆಲ್ಟಿಗೆ ಸೋಪಿನ ವಾಸನೆ ಇತ್ತು.

ಹಳೇ ರಸ್ತೆಯ ತಿರುವಿನಲ್ಲಿ ಮಾಳೇಶ ಕೇಳಿದ, "ಸೋಮವಾರ?"

"ಕಂಪನಿಗೆ ಬರೂದಿಲ್ಲಂತ ಫೋನ್ ಮಾಡತೀನಿ. ಎಲ್ಲಿ ಗಾಲಿ ಕೂತಿರತೈತಿ, ಅಲ್ಲಿಗೆ ಹೋಗೂದು."

ಸ್ವಿಚ್ ಒತ್ತಿದಳು. ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ ಮೋಟರ್ ಗುಂಯ್ಗುಟ್ಟಿ, ಟ್ಯಾಂಕ್ ತುಂಬಿ, ನಿಂತಿತು. ಇಬ್ಬರೂ ಮಾತಾಡದೆ ಕಿವಿಗೊಟ್ಟರು. ಕಬ್ಬಿನ ಹೊಲಗಳು ಹಿಂದೆ ಸರಿದವು, ಹೊಸ ರಸ್ತೆಯ ಏರು ಬಂತು, ನಿಂತ ಟ್ರೇಲರ್ ದೂರದಲ್ಲಿ ಕಂಡಿತು.

ಮೋಟರ್ ಮತ್ತೆ ಚಾಲೂ ಆಗಲಿಲ್ಲ.