ಮೂರನೇ ಹಾರನ್ನು

ಅರಕೆರೆಯ ನಾಲೆಯ ಏರಿ ಅಂಥ ಬೈಕನ್ನು ಯಾವತ್ತು ಕಂಡಿತ್ತು? ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೇಮಶ್ರೀ ಹಾಗೇ ನಿಂತುಬಿಟ್ಟಳು.

"ಇದ್ಯಾವ್ದು ಈ ಕೋಣ?"

"ಬಿಎಂಡಬ್ಲ್ಯು, ಜರ್ಮನಿದು. ನಿನ್ನೆ ತಂದಿದ್ನಲ್ಲ, ಅದು ಟ್ರಯಂಫು, ಇಂಗ್ಲೆಂಡಿಂದು. ಯಾವ್ದು ಚೆಂದ, ಯೋಳು," ಎಂದ ಸಿದ್ದರಾಜು.

ಶ್ರೀರಂಗಪಟ್ಟಣದಲ್ಲಿ ಅವನ ಗ್ಯಾರೇಜು. ದೇಶ ಸುತ್ತಲು ಬಂದ ಇಬ್ಬರು ಬಿಳಿಯರು ಗಾಡಿಗಳನ್ನು ಅವನಲ್ಲಿ ಬಿಟ್ಟು, ಬ್ಯಾಟರಿ ಸಾಯದ ಹಾಗೆ ಓಡಿಸುತ್ತಿರು ಎಂದು ಹೇಳಿ ರೈಲು ಹತ್ತಿದ್ದರು. ಓಡಿಸಲು ಅವನಿಗೆ ಅರಕೆರೆ ಬಿಟ್ಟರೆ ಬೇರೆ ದಾರಿಯೇ ಸಿಗಲಿಲ್ಲ, ಪಾಪ!

ಹೇಮಶ್ರೀ ಗಾಡಿಗೆ ಒಂದು ಸುತ್ತು ಬಂದಳು. "ನಿನ್ನೇದು ಎತ್ತರ, ತೆಳ್ಳಗೆ, ನಿನ್ನಂಗೇ ಜಂಬ. ಇದ್ರ ಎಂಜಿನ್ನು ಎರಡು ಕಡೀಕೂ ಮೊಣಕೈ ಚಾಚ್ಕೊಂಡು ನಿಂತದೆ. ಇದೇ ಚೆಂದ."

"ಟ್ರಯಂಫು ಮೂರು ಸಿಲಿಂಡರು ಕಣೆ! ಓಯ್ತಾ ಇದ್ರೆ ಏನ್ ಶಿಳ್ಳೆ ಒಡೀತದೆ ಅಂತೀಯ!"

"ಶಿಳ್ಳೆ ಒಡೆಯೋರ್ನ ನಮ್ಮಪ್ಪ ಅಟ್ಟಿಗೂ ಸೇರ್ಸಲ್ಲ."

ಅವಳು ಓರೆಗಣ್ಣಲ್ಲಿ ನೋಡಿದಳು. ಅವನ ನಗು ಮಾತ್ರ ಆರಿಹೋಯಿತು. ಅವಳ ಅಣ್ಣ ಸಂತೋಷ ಲೂನಾ ಸಮೇತ ಇದೇ ತಿರುವಿನಲ್ಲಿ ನಾಲೆಗೆ ಬಿದ್ದು ಸತ್ತಿದ್ದ. ಅಂದಿನಿಂದ ಅವಳಪ್ಪ ಚಲುವಯ್ಯನದು ಒಂದೇ ಮಾತು: ಬೈಕಿನವನಿಗೆ ಹೆಣ್ಣು ಕೊಡಲ್ಲ. ಭಾನುವಾರ ಪಾಂಡವಪುರದಿಂದ ಗಂಡಿನ ಕಡೆಯವರು ಬರುವವರಿದ್ದರು.

"ನಾಳೆ ಮಧ್ಯಾಹ್ನ ಬಂದು ನಿಮ್ಮಪ್ಪನ್ನ ಕೇಳೇಬುಡ್ತೀನಿ."

"ಈ ಕೋಣದ್ಮೇಲೇ ಬಾ. ತಿರುವಲ್ಲಿ ಮೂರು ಸಲ ಹಾರನ್ನು ಒಡಿ."

ಮೂರು ಯಾಕೆಂದು ಅವನು ಕೇಳಲಿಲ್ಲ. ಗಾಳಿ-ದೆವ್ವಗಳು ಎರಡೇ ಸಲ ಕರೆಯುತ್ತವೆ, ಮೂರನೇ ಕರೆ ಬರುವ ತನಕ ಓಗೊಡಬಾರದು ಎಂಬುದು ಅಲ್ಲಿ ಎಲ್ಲರ ಮನೆಯ ಕಟ್ಟಳೆ.

ಮರುದಿನ ಮಟಮಟ ಮಧ್ಯಾಹ್ನ. ಕಬ್ಬಿನ ಗರಿಯೂ ಅಲುಗುತ್ತಿರಲಿಲ್ಲ. ನಾಲೆ ಕಡೆಯಿಂದ ಕೇಳಿತು: "ಪೀಂ."

ಹೇಮಶ್ರೀ ಬಾಗಿಲಿಗೆ ಬಂದು ಕಿವಿಗೊಟ್ಟಳು. ಅದು ಜರ್ಮನಿ ಗಾಡಿಯ ದಪ್ಪ ದನಿಯಲ್ಲ. ಸಣ್ಣದು, ಒಡಕು, ನೀರು ಕುಡಿದಂಥ ದನಿ. ಅಣ್ಣನ ಲೂನಾದ್ದು.

"ಪೀಂ."

ಅಜ್ಜಿ ದ್ಯಾವಮ್ಮ ಅವಳ ಮುಂಗೈ ಹಿಡಿದುಕೊಂಡಳು. "ಓಗ್ಬ್ಯಾಡ ಕಣವ್ವ. ಮೂರನೇದು ಬರ್ಲಿ."

ಬರಲಿಲ್ಲ. ಅಯ್ಯೋ, ಎಷ್ಟು ಹೊತ್ತು ಕಾಯುವುದು!

"ಕರ್ದೋನು ನಮ್ಮಣ್ಣ ಆದ್ರೆ ಎದ್ರಿಕೆ ಯಾಕಜ್ಜಿ?" ಕೈ ಕೊಸರಿಕೊಂಡು ಓಡಿದಳು. ಜಗುಲಿಯಲ್ಲಿದ್ದ ಚಲುವಯ್ಯ ಕೂಗುತ್ತ ಹಿಂದೆ ಬಂದ.

ತಿರುವಿನಲ್ಲಿ ಗಾಡಿ ನಾಲೆಯ ಇಳಿಜಾರಿಗೆ ಮಗುಚಿತ್ತು. ಅದರಡಿ ಸಿದ್ದರಾಜು, ಗದ್ದದ ತನಕ ನೀರು. ಚಾಚಿಕೊಂಡಿದ್ದ ಎಂಜಿನ್ನಿನ ಆ ಮೊಣಕೈ ಕೆಸರಿಗೆ ನಾಟಿ ಭಾರವೆಲ್ಲ ಹೊತ್ತಿತ್ತು. ಆ ಸಂದಿಯಲ್ಲಿ ಅವನ ಕಾಲು ಸಿಕ್ಕಿಕೊಂಡಿತ್ತು. ಅವಳು ಬೂಟಿನ ಲೇಸು ಬಿಚ್ಚಿ ಎಳೆದಳು. ಕಾಲು ಸುಟ್ಟಿತ್ತು, ಮುರಿದಿರಲಿಲ್ಲ.

"ಕಬ್ಬಿನ ಸೋಗೆ ಮೇಲೆ ಜಾರ್ತು," ಅವನು ಏದುಸಿರು ಬಿಟ್ಟ. "ನೀನೇ ಗೆದ್ದೆ ಕಣೆ. ಟ್ರಯಂಫು ತೆಳ್ಳಗದೆ, ಪೂರ್ತಿ ಮಲಗ್ಬುಡ್ತಿತ್ತು. ಕಾಲು ಅಪ್ಪಚ್ಚಿ."

ಅವಳು ಅಳುತ್ತಲೇ ಅವನ ಭುಜಕ್ಕೆ ಗುದ್ದಿದಳು. "ನೀನಿಲ್ದೆ ನಾನು ಬದುಕ್ತಿದ್ನಾ? ಎರಡೇ ಹಾರನ್ನಿಗೆ ನಿಲ್ಸಿದ್ಯಾಕೆ?"

ಸಿದ್ದರಾಜು ಅವಳ ಮುಖವನ್ನೇ ನೋಡಿದ. "ಹ್ಯಾಂಡಲ್ಲು ನೀರೊಳಗದೆ. ನಾನೆಲ್ಲಿ ಒಡೆದೆ?"

ಅವಳು ನೀರಿನತ್ತ ತಿರುಗಿದಳು. ಏರಿಯ ಮೇಲೆ ಚಲುವಯ್ಯ ಮಗಳ ಮಾತೆಲ್ಲ ಕೇಳಿಸಿಕೊಂಡು ನಿಂತಿದ್ದ. ಆಗಲೇ ನಾಲೆಯ ನೀರಿನೊಳಗಿಂದ, ಮೂವರಿಗೂ ಕೇಳುವಂತೆ, ಬಂತು.

"ಪೀಂ."

ಚಲುವಯ್ಯ ಏರಿ ಇಳಿದು ಬಂದ. ಮಗ ಸತ್ತ ಮೇಲೆ ಅವನ ಹೆಸರನ್ನೇ ಎತ್ತದಿದ್ದ ಮನುಷ್ಯ ನೀರಿಗೆ ಬಗ್ಗಿ, ದೊಡ್ಡ ದನಿಯಲ್ಲಿ ಓಗೊಟ್ಟ.

"ಓ ಸಂತೋಷ! ಕೇಳುಸ್ತು ಕಣ್ಲಾ ಮಗ. ಕೊಟ್ಟೆ ಕಣ್ಲಾ... ಇವ್ನಿಗೇ ಕೊಟ್ಟೆ."