ಹದ್ದಿನ ಬೆನ್ನಿಗೆ ಎತ್ತಿನ ಪಟ್ಟಿ

ಹೊತ್ತು ಮುಳುಗುವುದರೊಳಗೆ ಹದ್ದಿನ ಬೆನ್ನ ಮೇಲಿನ ಜಿಪಿಎಸ್ ಯಂತ್ರ ಬಿಚ್ಚಲೇಬೇಕಿತ್ತು. ಕಟಕೋಳದಾಚೆಯ ಗುಡ್ಡದ ಗೂಡಿನಲ್ಲಿ ಅದರ ಮರಿ ಎರಡು ದಿನದಿಂದ ಉಪವಾಸ.

ಹದ್ದು ಎಲ್ಲೆಲ್ಲಿ ಹಾರುತ್ತದೆಂದು ತಿಳಿಯಲು ಎರಡು ದಿನದ ಹಿಂದೆ ಯಂತ್ರ ಕಟ್ಟಿದವಳು ಸಂಪಗಾಂವದ ಪಕ್ಷಿ ಸಂಶೋಧಕಿ ಪ್ರಜ್ಞಾ. ತೊಗಲಿನ ಪಟ್ಟಿ ಹೊಲಿದವನು, ಮೂವತ್ತು ವರ್ಷ ಎತ್ತಿನ ಕೊರಳಪಟ್ಟಿ ಹೊಲಿದ ಲಗಮಪ್ಪ. ಅಂದಿನಿಂದ ಹದ್ದು ಮೇಲೇರಿಲ್ಲ. ಪ್ರಜ್ಞಾ ಯಂತ್ರ ಕಳಿಸಿದ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದಳು. ‘ತೂಕ ಸರಿಯಾಗಿದೆ, ಮಾಹಿತಿ ಬರುತ್ತಿದೆ, ಕಾಯಿರಿ.’ ನಾಲ್ಕು ಸಲವೂ ಅದೇ ಹಾಡು.

“ಮರಿ ಸತ್ತ ಮ್ಯಾಲೂ ಮಾಹಿತಿ ಬರ್ತೈತಿ!” ಎಂದು ಸಿಡುಕುತ್ತ ಅವಳು ಗುಡ್ಡ ಏರಿದಳು.

ಮುಂದೆ ದಾರಿ ತೋರುತ್ತ ಆಡು ಕಾಯುವ ಕರೆವ್ವ, ಹಿಂದೆ ಹಗ್ಗ ಹೊತ್ತ ಲಗಮಪ್ಪ. ಕೆಂಪು ಬಂಡೆ ಹೆಂಚಿನಂತೆ ಕಾದಿತ್ತು. ಸಂದುಸಂದಿನಲ್ಲಿ ಕಳ್ಳಿ, ಜಾಲಿಮುಳ್ಳು. ಕೆಳಗೆ ಜೋಳ ಕೊಯ್ದ ಎರೆಹೊಲಗಳು ದಿಗಂತದ ತನಕ ಬಿರುಕು ಬಿಟ್ಟು ಮಲಗಿದ್ದವು.

ತುದಿಯಿಂದ ಬಗ್ಗಿ ನೋಡಿದರು. ಕೆಳಗಿನ ಬಂಡೆಯಂಚಿನಲ್ಲಿ ಹದ್ದು ಕುಳಿತಿತ್ತು. ರೆಕ್ಕೆ ಬಿಚ್ಚಿತು. ಅರ್ಧಕ್ಕೇ ಪಟ್ಟಿ ಜಗ್ಗಿತು. ಮತ್ತೆ ಮುದುಡಿತು.

ಲಗಮಪ್ಪ ಹಣೆ ಚಚ್ಚಿಕೊಂಡ. “ರೆಕ್ಕಿ ಮಡಚಿದಾಗ ಅಳತಿ ತಗೊಂಡೇನಿ! ಎತ್ತು ನಿಂತಾಗ ತಗೊಂಡಂಗ!”

“ಎತ್ತಿಗೆ ರೆಕ್ಕಿ ಎಲ್ಲಿ ಇರ್ತಾವೋ ಲಗಮಣ್ಣ?” ಎಂದಳು ಕರೆವ್ವ.

“ನಾನೂ ಅಲ್ಲೇ ನಿಂತಿದ್ದೆ ಕಾಕಾ. ನನಗೂ ಹೊಳೀಲಿಲ್ಲ. ಸರೀರಿ, ನಾ ಇಳಿತೇನಿ,” ಎಂದಳು ಪ್ರಜ್ಞಾ.

“ನಾ ಹೊಲದದ್ದು, ನಾನ ಕೊಯ್ಯತೇನಿ. ನೀವಿಬ್ಬರೂ ಹಗ್ಗ ಹಿಡೀರಿ.”

ಹಗ್ಗವನ್ನು ಬಂಡೆಗೆ ಸುತ್ತಿ, ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಹೆಗಲ ಮೇಲೆ ಕಂಬಳಿ, ಕಿಸೆಯಲ್ಲಿ ತೊಗಲು ಕೊಯ್ಯುವ ರಂಪಿಗೆ.

ಕಾಲಡಿಯ ಕಲ್ಲು ಕಿತ್ತುಬಂತು.

“ಹಿಡೀರಿ!”

ತೂಗಾಡಿದ. ಮೊಣಕಾಲು ಬಂಡೆಗೆ ಬಡಿಯಿತು. ಅಂಚಿಗೆ ಕಾಲಿಟ್ಟದ್ದೇ ತಡ, ಹದ್ದು ಎಗರಿ ಅವನ ಮುಂಗೈ ಸೀಳಿತು. ಅವನು ಕಂಬಳಿ ಬೀಸಿ ಒತ್ತಿ ಹಿಡಿದ. ರಂಪಿಗೆ ಆಡಿಸಿದ. ಎರಡೆರಡು ಹೊಲಿಗೆ, ಪಟ್ಟಿ ಜಪ್ಪಯ್ಯ ಅನ್ನಲಿಲ್ಲ.

“ಇಷ್ಟು ಗಟ್ಟಿ ಯಾವ ಮಂಗ್ಯಾ ಹೊಲದಾನ!”

“ನೀವ ಕಾಕಾ!” ಮೇಲಿಂದ ಪ್ರಜ್ಞಾ ಕಿರುಚಿದಳು.

ಪಟ್ಟಿ ಹರಿಯಿತು. ಕಂಬಳಿ ಎತ್ತಿದ. ಹದ್ದು ಅಂಚಿನಿಂದ ಕಲ್ಲಿನಂತೆ ಕೆಳಗೆ ಬಿತ್ತು. ಮೂವರೂ ಕೆಳಗೆ ಬಗ್ಗಿದರು. ಆಮೇಲೆ ಎರಡೂ ರೆಕ್ಕೆ ಪೂರ್ತಿ ಬಿಚ್ಚಿಕೊಂಡವು. ಬಿಸಿಗಾಳಿ ಅದನ್ನು ಎತ್ತಿತು. ಒಂದು ಸುತ್ತು, ಇನ್ನೊಂದು ಸುತ್ತು, ಕಣ್ಣಿಗೆ ಚುಕ್ಕೆಯಾಗುವ ತನಕ.

ಇಬ್ಬರೂ ಲಗಮಪ್ಪನನ್ನು ಮೇಲೆಳೆದುಕೊಂಡರು. ಸಂಜೆ ಕೆಂಪಾಗುವಾಗ ಅದು ಕಾಲಲ್ಲಿ ಓತಿಕೇತ ಹಿಡಿದು ಗೂಡಿಗಿಳಿಯಿತು. ಮರಿ ಬಾಯ್ಬಿಟ್ಟು ಅರಚಿದ್ದು ತುದಿಯ ತನಕ ಕೇಳಿತು.

ಲಗಮಪ್ಪನ ಜೊತೆ ಬೈಕಿನಲ್ಲಿ ಮರಳುವಾಗ ಪ್ರಜ್ಞಾಳ ಫೋನ್ ಬಡಿಯಿತು. ಅವಳು ಬೈಕ್ ನಿಲ್ಲಿಸಿ ಸ್ಪೀಕರ್ ಒತ್ತಿದಳು. ಕಚೇರಿಯವರು ಹಿಗ್ಗಿದ್ದರು: “ಹೇಳಲಿಲ್ಲವೇ? ಹಕ್ಕಿ ಈಗತಾನೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹಾರುತ್ತಿತ್ತು!”

ಲಗಮಪ್ಪ ಗಾಯದ ಕೈ ಎತ್ತಿ ಫೋನಿಗೆ ಬಾಯಿ ಹಚ್ಚಿದ.

“ಅದು ನಮ್ಮ ಬೈಕ್‌ರೀ ಸಾಹೇಬ್ರ. ಯಂತ್ರ ನನ್ನ ಕಿಸೇದಾಗೈತಿ. ಹಕ್ಕಿ ಮನಿಗೆ ಹೋಗೇತಿ.”